ಬೇಸ್ ಹಿಡಿಯುವವನಾ, ದೊಡ್ಡ ಹೊಡೆತದವನಾ? ರನ್ ಬಾರದ ಬೇಸ್‌ಬಾಲ್ ಟೀಮ್‌ಗೆ ಯಾರು ಬೇಕು

ನಿಮ್ಮ ಟೀಮ್‌ನ ಪಿಚರ್, ಅಂದರೆ ಚೆಂಡು ಹಾಕುವವನು, ಒಂಬತ್ತರಲ್ಲಿ ಏಳು ಇನಿಂಗ್ಸ್ ಹಾಕಿ ಎರಡೇ ರನ್ ಬಿಟ್ಟುಕೊಡುತ್ತಾನೆ, ಆದರೂ ಸೋಲು ಅವನ ಹೆಸರಿಗೇ ಬೀಳುತ್ತದೆ. ಬ್ಯಾಟಿಂಗ್ ಅಷ್ಟು ಕೆಟ್ಟಿದೆ. ಆಗ ಫ್ಯಾನ್‌ಗಳಲ್ಲಿ ಎರಡು ಪಕ್ಷ ಹುಟ್ಟುತ್ತವೆ. ಒಂದು ಪಕ್ಷದ ಪ್ರಕಾರ ಸೀಸನ್‌ಗೆ 30 ಹೋಮ್ ರನ್ (ಬೇಲಿ ದಾಟಿ ನೇರವಾಗಿ ರನ್ ಆಗುವ ಹೊಡೆತ) ಹೊಡೆಯುವ ಒಬ್ಬನನ್ನು ಎಲ್ಲಿಂದಾದರೂ ತರಬೇಕು. ಇನ್ನೊಂದು ಪಕ್ಷಕ್ಕೆ ಅದೆಲ್ಲ ಬೇಡ, ಸುಮ್ನೆ ಔಟಾಗದೆ ಬೇಸ್ (ರನ್ ಮುಗಿಸುವ ದಾರಿಯಲ್ಲಿರುವ ಮೂರು ನಿಲ್ದಾಣ) ಮೇಲೆ ನಿಲ್ಲುವವರು ಸಿಕ್ಕರೆ ರನ್ ತಾನಾಗಿ ಬರುತ್ತದೆ. ಎರಡನೇ ಪಕ್ಷದವರು ಬೇಸ್ ಹಿಡಿಯುವವರನ್ನು ಅಗ್ಗಕ್ಕೆ ತಂದು ಗೆದ್ದ 2002ರ ಓಕ್ಲಂಡ್ ಟೀಮ್‌ನ ಕಥೆ ತೆಗೆದರೆ ಚರ್ಚೆ ಮುಗಿಯಿತು ಅಂತಲೇ ಲೆಕ್ಕ. ನನಗೆ ಹಾಗನ್ನಿಸುವುದಿಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಲೈನಪ್‌ನಲ್ಲಿ ಒಂದೇ ಒಂದು ಜಾಗ ಬದಲಾಯಿಸಲು ದುಡ್ಡಿದ್ದರೆ ದೊಡ್ಡ ಹೊಡೆತದವನನ್ನು ತನ್ನಿ. ಮೂರು ನಾಲ್ಕು ಜಾಗ ಬದಲಾಯಿಸಲು ಆಗುವುದಾದರೆ ಬೇಸ್ ಹಿಡಿಯುವವರನ್ನು ತನ್ನಿ. ಯಾಕೆ ಅಂದರೆ ಬೇಸ್ ಹಿಡಿಯುವುದು ಗುಂಪಿನ ಕೆಲಸ, ಚೆಂಡನ್ನು ಬೇಲಿ ದಾಟಿಸುವುದು ಒಬ್ಬನಿಂದಲೂ ಆಗುವ ಕೆಲಸ. ಉಳಿದಿದ್ದೆಲ್ಲ ಇದರ ವಿವರ. ಜೊತೆಗೆ ಒಂದೆರಡು ಷರತ್ತುಗಳೂ ಇವೆ.

ಮೊದಲು ಬೇಸ್ ಹಿಡಿಯುವವರ ಪರ

ಕ್ರಿಕೆಟ್ ನೋಡಿ ಬೆಳೆದವರಿಗೆ ಇಲ್ಲಿ ಒಂದು ವಿಷಯ ಸ್ವಲ್ಪ ವಿಚಿತ್ರ ಅನ್ನಿಸಬಹುದು. ಟಿ20ಯಲ್ಲಿ ಚೆಂಡುಗಳ ಲೆಕ್ಕ ಇದೆ, 120 ಮುಗಿದರೆ ಆಟ ಮುಗಿಯಿತು, ವಿಕೆಟ್ ಉಳಿಸಿಕೊಂಡು ಏನೂ ಪ್ರಯೋಜನ ಇಲ್ಲ. ಬೇಸ್‌ಬಾಲ್‌ನಲ್ಲಿ ಚೆಂಡಿಗೆ ಲೆಕ್ಕವೇ ಇಲ್ಲ. ಇರುವುದು 27 ಔಟ್, ಅದೂ ಒಂಬತ್ತು ಇನಿಂಗ್ಸ್‌ಗೆ ಮೂರು ಮೂರರ ಕಂತಿನಲ್ಲಿ. ಔಟಾಗದೆ ಇದ್ದಷ್ಟು ಹೊತ್ತು ಒಂದೇ ಇನಿಂಗ್ಸ್‌ನಲ್ಲಿ ಬೆಳಗಿನ ತನಕ ಆಡಬಹುದು. ಹಾಗಾಗಿ ಒಬ್ಬ ಆಟಗಾರ ಬ್ಯಾಟ್ ಮಾಡಲು ಪ್ಲೇಟ್‌ಗೆ ಬಂದಾಗ ನೂರಕ್ಕೆ ಎಷ್ಟು ಸಲ ಔಟಾಗದೆ ಬೇಸ್ ಸೇರಿದ ಅನ್ನುವುದೇ ಓಬಿಪಿ, ಅಂದರೆ ಆನ್‌ಬೇಸ್ ಪರ್ಸೆಂಟೇಜ್. ಹಿಟ್ (ಹೊಡೆದು ಬೇಸ್ ಸೇರುವುದು), ವಾಕ್ (ಪಿಚರ್ ನಾಲ್ಕು ಕೆಟ್ಟ ಚೆಂಡು ಹಾಕಿದರೆ ಪುಕ್ಕಟೆ ಸಿಗುವ ಮೊದಲನೇ ಬೇಸ್), ಮೈಗೆ ಚೆಂಡು ತಗುಲಿ ಸಿಗುವ ಬೇಸ್, ಮೂರೂ ಇದರಲ್ಲಿ ಸೇರುತ್ತವೆ. ಹಳೇ ಕಾಲದ ಬ್ಯಾಟಿಂಗ್ ಆವರೇಜ್ ಹಿಟ್ ಮಾತ್ರ ಎಣಿಸುತ್ತದೆ, ವಾಕ್ ಅನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಟೀಮ್‌ಗಳನ್ನು ನಡೆಸುತ್ತಿದ್ದ ಬ್ರಾಂಚ್ ರಿಕಿ 1954ರಲ್ಲೇ ಲೈಫ್ ಪತ್ರಿಕೆಯಲ್ಲಿ ಇದರ ಬಗ್ಗೆ ಬರೆದಿದ್ದರು. ಆದರೂ ಮೇಜರ್ ಲೀಗ್ ಓಬಿಪಿಯನ್ನು ಅಧಿಕೃತ ಅಂಕಿ ಅಂತ ಒಪ್ಪಿದ್ದು 1984ರಲ್ಲಿ.

ಒಂದು ಸಣ್ಣ ಲೆಕ್ಕ ಮಾಡೋಣ. ಡಬಲ್ ಪ್ಲೇ (ಒಂದೇ ಹೊಡೆತಕ್ಕೆ ಇಬ್ಬರು ಔಟ್), ಬೇಸ್ ಕದಿಯಲು (ಯಾರೂ ಹೊಡೆಯದೆಯೇ ಮುಂದಿನ ಬೇಸ್‌ಗೆ ಓಡಲು) ಹೋಗಿ ಸಿಕ್ಕಿಬೀಳುವುದು, ಇಂಥದ್ದನ್ನೆಲ್ಲ ಸದ್ಯಕ್ಕೆ ಮರೆಯಿರಿ. ಇಡೀ ಟೀಮ್‌ನ ಓಬಿಪಿ .300, ಅಂದರೆ ನೂರಕ್ಕೆ 30, ಇದ್ದರೆ 27 ಔಟ್ ಆಗುವ ಹೊತ್ತಿಗೆ ಸುಮಾರು 38.6 ಸಲ ಬ್ಯಾಟ್ ಮಾಡಲು ಸಿಗುತ್ತದೆ. .340 ಇದ್ದರೆ 40.9 ಸಲ. ಎರಡು ಚಿಲ್ಲರೆ ತಾನೇ ಅನ್ನಬೇಡಿ. 162 ಪಂದ್ಯಕ್ಕೆ ಅದು ಸುಮಾರು 380 ಹೆಚ್ಚುವರಿ ಅವಕಾಶ, ಅಂದರೆ ಒಬ್ಬ ಆಟಗಾರ ಅರ್ಧಕ್ಕಿಂತ ಜಾಸ್ತಿ ಸೀಸನ್ ಆಡಿದಷ್ಟು.

ಇದಕ್ಕಿಂತ ಮುಖ್ಯವಾದದ್ದು ಸರಣಿ. ಸತತ ಮೂವರು ಬೇಸ್ ಸೇರುವ ಸಾಧ್ಯತೆ .300 ಟೀಮ್‌ಗೆ ನೂರಕ್ಕೆ 2.7, .340 ಟೀಮ್‌ಗೆ 3.9. ಓಬಿಪಿ ಏರಿದ್ದು ಶೇಕಡ 13ರಷ್ಟು, ಮೂವರು ಸಾಲಾಗಿ ಬರುವ ಸಾಧ್ಯತೆ ಏರಿದ್ದು ಶೇಕಡ 45ರಷ್ಟು. ಒಳ್ಳೇ ಟೀಮ್‌ಗಳು ಒಂದೇ ಇನಿಂಗ್ಸ್‌ನಲ್ಲಿ ನಾಲ್ಕೈದು ರನ್ ಬಾಚಿಕೊಳ್ಳುವುದು ಹೀಗೆ. ಆದರೆ ಇದನ್ನೇ ತಿರುಗಿಸಿ ನೋಡಿ. ಕೆಟ್ಟ ಟೀಮ್‌ನಲ್ಲಿ ಸರಣಿ ಹುಟ್ಟುವುದೇ ಅಪರೂಪ. ಅಲ್ಲಿಗೆ ನೀವು ಓಬಿಪಿ .380 ಇರುವ ಒಬ್ಬನನ್ನು ತಂದು ನಿಲ್ಲಿಸಿದರೆ ಅವನು ಮೊದಲನೇ ಬೇಸ್ ಮೇಲೆ ನಿಂತು ಮುಂದಿನ ಮೂವರು ಔಟಾಗುವುದನ್ನು ನೋಡುತ್ತಾನೆ.

ಹೊಡೆತಕ್ಕೆ ಬೆಲೆ ಎಷ್ಟು

ಯಾವ ಹೊಡೆತ ಸರಾಸರಿ ಎಷ್ಟು ರನ್ ತರುತ್ತದೆ ಅಂತ ಲೆಕ್ಕ ಹಾಕುವವರು ಬಹಳ ವರ್ಷಗಳಿಂದ ಹಾಕುತ್ತಾ ಬಂದಿದ್ದಾರೆ. ವರ್ಷದಿಂದ ವರ್ಷಕ್ಕೆ ಸ್ವಲ್ಪ ಬದಲಾದರೂ ಸುಮಾರಾಗಿ ವಾಕ್‌ಗೆ 0.3 ರನ್, ಸಿಂಗಲ್‌ಗೆ (ಒಂದು ಬೇಸ್ ಸಿಗುವ ಹಿಟ್) 0.46, ಡಬಲ್‌ಗೆ (ಎರಡು ಬೇಸ್) 0.76, ಹೋಮ್ ರನ್‌ಗೆ 1.4. ಒಂದು ಔಟ್ ಆದರೆ 0.26 ರನ್ ಕೈಬಿಟ್ಟಂತೆ. ಹೋಮ್ ರನ್‌ಗೆ ಯಾಕೆ ನಾಲ್ಕು ರನ್ ಬೆಲೆ ಇಲ್ಲ ಅಂದರೆ ಅರ್ಧಕ್ಕಿಂತ ಜಾಸ್ತಿ ಹೋಮ್ ರನ್ ಬರುವುದು ಬೇಸ್ ಖಾಲಿ ಇದ್ದಾಗ.

ಈಗ ಇಬ್ಬರು ಆಟಗಾರರನ್ನು ಕಲ್ಪಿಸಿಕೊಳ್ಳಿ. ಇಬ್ಬರೂ 600 ಸಲ ಪ್ಲೇಟ್‌ಗೆ ಬಂದಿದ್ದಾರೆ. ಮೊದಲನೆಯವನು 75 ವಾಕ್, 115 ಸಿಂಗಲ್, 22 ಡಬಲ್, 3 ಟ್ರಿಪಲ್, 5 ಹೋಮ್ ರನ್. ಓಬಿಪಿ .367, ಸ್ಲಗಿಂಗ್ (ವಾಕ್ ಬಿಟ್ಟು, ಬ್ಯಾಟ್ ಮಾಡಿದ ಪ್ರತಿ ಸಲಕ್ಕೆ ಹೊಡೆತದಿಂದ ಸರಾಸರಿ ಸಿಕ್ಕ ಬೇಸ್) .358. ಎರಡನೆಯವನು 40 ವಾಕ್, 72 ಸಿಂಗಲ್, 27 ಡಬಲ್, 1 ಟ್ರಿಪಲ್, 32 ಹೋಮ್ ರನ್. ಓಬಿಪಿ .287, ಸ್ಲಗಿಂಗ್ .459. ಟಿವಿಯಲ್ಲಿ ತೋರಿಸುವ ಓಪಿಎಸ್, ಅಂದರೆ ಎರಡನ್ನೂ ಸುಮ್ನೆ ಕೂಡಿಸಿದ ಅಂಕಿ, ಮೊದಲನೆಯವನಿಗೆ .725, ಎರಡನೆಯವನಿಗೆ .746. ಎರಡನೆಯವನೇ ಮೇಲು ಅನ್ನಿಸುತ್ತದೆ ಅಲ್ವಾ? ಮೇಲಿನ ಬೆಲೆಗಳನ್ನು ಹಾಕಿ ಗುಣಿಸಿ ನೋಡಿದರೆ ಮೊದಲನೆಯವನು ಮೂರು ರನ್ನಿಗಿಂತ ಸ್ವಲ್ಪ ಜಾಸ್ತಿ ಮುಂದೆ ಇದ್ದಾನೆ. ಓಪಿಎಸ್‌ನ ತೊಂದರೆ ಇದೇ. ಓಬಿಪಿಯ ಒಂದು ಪಾಯಿಂಟ್‌ಗೆ ಸ್ಲಗಿಂಗ್‌ನ ಒಂದು ಪಾಯಿಂಟ್‌ಗಿಂತ ಸುಮಾರು 1.8 ಪಟ್ಟು ಬೆಲೆ ಇದೆ. ಎರಡನ್ನೂ ಸಮ ಅಂತ ಕೂಡಿಸಿದರೆ ಹೊಡೆಯುವವನಿಗೆ ಪುಕ್ಕಟೆ ಮಾರ್ಕ್ಸ್ ಸಿಗುತ್ತದೆ.

ಹಾಗಿದ್ದರೆ ಬೇಸ್ ಹಿಡಿಯುವವನೇ ಗೆದ್ದ ಅಲ್ವಾ ಅಂತ ಕೇಳಬಹುದು. ಸಾಧಾರಣ ಟೀಮ್‌ನಲ್ಲಿ ಹೌದು. ಆದರೆ ಈ ಬೆಲೆಗಳೆಲ್ಲ ಸಾಧಾರಣ ಟೀಮ್‌ಗಾಗಿ ಹಾಕಿದವು. ವಾಕ್‌ನ 0.3 ರನ್ ಬೆಲೆ ಬರುವುದು ಹಿಂದೆ ಬರುವವರು ಅವನನ್ನು ಮನೆ (ಹೋಮ್ ಪ್ಲೇಟ್, ಅಲ್ಲಿ ರನ್ ಮುಗಿಯುತ್ತದೆ) ಮುಟ್ಟಿಸುತ್ತಾರೆ ಅನ್ನುವ ನಂಬಿಕೆಯ ಮೇಲೆ. ಹಿಂದೆ ಬರುವವರು ಕೈಲಾಗದವರಾದರೆ ವಾಕ್ ಮತ್ತು ಸಿಂಗಲ್‌ನ ಬೆಲೆ ಇಳಿಯುತ್ತದೆ. ಔಟ್‌ನ ನಷ್ಟವೂ ಇಳಿಯುತ್ತದೆ, ಯಾಕೆಂದರೆ ಹೇಗೂ ಏನೂ ಆಗುತ್ತಿರಲಿಲ್ಲ. ಹೋಮ್ ರನ್ ಮಾತ್ರ ಹೆಚ್ಚು ಕದಲುವುದಿಲ್ಲ, ಯಾರೂ ಇಲ್ಲದಿದ್ದರೂ ಒಂದು ರನ್ ಗ್ಯಾರಂಟಿ. ಸಿಂಗಲ್ ಮತ್ತು ವಾಕ್‌ನಿಂದ 0.035 ಕಡಿಮೆ ಮಾಡಿ, ಔಟ್ ಅನ್ನು 0.22 ಅಂತ ಇಟ್ಟುಕೊಂಡು ಅದೇ ಲೆಕ್ಕ ಮತ್ತೆ ಹಾಕಿದರೆ ಇಬ್ಬರೂ ಸಮಕ್ಕೆ ಬರುತ್ತಾರೆ, ಎರಡನೆಯವನು ಒಂದು ಕೂದಲಿನಷ್ಟು ಮುಂದೆ. ಇದು ನನ್ನ ಒರಟು ಲೆಕ್ಕ, ಆದರೆ ದಿಕ್ಕು ಸರಿ.

ಸಿಯಾಟಲ್: ಒಬ್ಬನೇ ಇಚಿರೊ, ಎರಡು ಟೀಮ್

ಇದನ್ನು ಅಂಕಿಯಲ್ಲಿ ಹೇಳುವುದಕ್ಕಿಂತ ಒಬ್ಬ ಮನುಷ್ಯನ ಮೂಲಕ ನೋಡುವುದು ಸುಲಭ. ಸಿಯಾಟಲ್ ಕಡೆ ಇರುವ ನಮ್ಮವರು ಇಚಿರೊ ಸುಜುಕಿ ಹೆಸರು ಕೇಳಿಯೇ ಇರುತ್ತಾರೆ.

2001ರ ಸಿಯಾಟಲ್ ಮ್ಯಾರಿನರ್ಸ್ 116 ಪಂದ್ಯ ಗೆದ್ದಿತು. 927 ರನ್. ಇಚಿರೊಗೆ ಅದು ಅಮೆರಿಕದಲ್ಲಿ ಮೊದಲ ವರ್ಷ. 242 ಹಿಟ್, 30 ವಾಕ್, 8 ಹೋಮ್ ರನ್. ಅವನು ಓಡಿ ಮನೆ ಸೇರಿದ್ದು 127 ಸಲ.

2010ಕ್ಕೆ ಬನ್ನಿ. ಅದೇ ಮೈದಾನ, ಅದೇ ಮೊದಲನೇ ಸ್ಥಾನ. 214 ಹಿಟ್, 45 ವಾಕ್, 6 ಹೋಮ್ ರನ್. ವಯಸ್ಸು 36 ಆಗಿದ್ದರೂ ಬೇಸ್ ಸೇರುವ ಕೆಲಸದಲ್ಲಿ ಹೆಚ್ಚು ಕಡಿಮೆ ಹಳೇ ಇಚಿರೊನೇ. 42 ಬೇಸ್ ಕದ್ದ. ಮನೆ ಸೇರಿದ್ದು 74 ಸಲ ಮಾತ್ರ.

ಸ್ವಂತ ಹೋಮ್ ರನ್ ಕಳೆದು ನೋಡಿ. 2001ರಲ್ಲಿ ಹಿಟ್ ಮತ್ತು ವಾಕ್ ಮೂಲಕ ಬೇಸ್ ಸೇರಿದ್ದು ಸುಮಾರು 264 ಸಲ, ಅದರಲ್ಲಿ 119 ರನ್. 2010ರಲ್ಲಿ ಸುಮಾರು 253 ಸಲ, 68 ರನ್. ನೂರಕ್ಕೆ 45 ಇದ್ದದ್ದು 27ಕ್ಕೆ ಇಳಿಯಿತು. 2001ರಲ್ಲಿ ಇಡೀ ಲೀಗ್‌ನಲ್ಲೇ ರನ್ ಜಾಸ್ತಿ ಬರುತ್ತಿತ್ತು, ಅದನ್ನು ಒಪ್ಪಲೇಬೇಕು. ಆದರೆ ಇಷ್ಟು ದೊಡ್ಡ ಕಂದರ ಅದರಿಂದ ಮಾತ್ರ ಬರುವುದಿಲ್ಲ.

ಹಿಂದೆ ಯಾರಿದ್ದರು ನೋಡಿ. 2001ರಲ್ಲಿ ಎಡ್ಗರ್ ಮಾರ್ಟಿನೆಜ್ ಓಬಿಪಿ .423, ಜಾನ್ ಓಲೆರುಡ್ .401. ಬ್ರೆಟ್ ಬೂನ್ 37 ಹೋಮ್ ರನ್, 141 ಆರ್‌ಬಿಐ (ತಾನು ಬ್ಯಾಟ್ ಮಾಡಿ ಟೀಮ್‌ಗೆ ತಂದ ರನ್). ಮೈಕ್ ಕ್ಯಾಮರನ್ 25 ಹೋಮ್ ರನ್. ಟೀಮ್‌ನ ಒಟ್ಟು ಹೋಮ್ ರನ್ 169, ಆ ಕಾಲಕ್ಕೆ ಅದೇನು ದೊಡ್ಡ ಸಂಖ್ಯೆ ಆಗಿರಲಿಲ್ಲ. ಆದರೆ ಟೀಮ್‌ನ ಓಬಿಪಿ .360. ಅಂದರೆ ಮೇಲಿಂದ ಕೆಳಗಿನವರೆಗೆ ಯಾರೂ ಸುಲಭಕ್ಕೆ ಔಟಾಗುತ್ತಿರಲಿಲ್ಲ. ಒಂದೆರಡು ಜಾಗದಲ್ಲಿ ಹೊಡೆತ ಇತ್ತು, ಅಷ್ಟೇ ಸಾಕಾಯಿತು.

2010ರ ಕಥೆ ಶುರುವಾಗುವುದು ಹಿಂದಿನ ವರ್ಷದಿಂದ. 2009ರಲ್ಲಿ ಟೀಮ್ 85 ಪಂದ್ಯ ಗೆದ್ದಿತ್ತು, ಆದರೆ ರನ್ 640 ಮಾತ್ರ. ಗೆಲುವೆಲ್ಲ ಪಿಚಿಂಗ್ ಮತ್ತು ಫೀಲ್ಡಿಂಗ್‌ನಿಂದ. ಚಳಿಗಾಲದಲ್ಲಿ ಟೀಮ್ ಏನು ಮಾಡಿತು? ಏಂಜಲ್ಸ್‌ನಿಂದ ಶಾನ್ ಫಿಗಿನ್ಸ್‌ನನ್ನು ನಾಲ್ಕು ವರ್ಷಕ್ಕೆ 36 ಮಿಲಿಯನ್ ಡಾಲರ್ ಕೊಟ್ಟು ತಂದಿತು. ಫಿಗಿನ್ಸ್ 2009ರಲ್ಲಿ 101 ವಾಕ್ ತೆಗೆದವನು, ಓಬಿಪಿ .395. ಇಚಿರೊ ಮತ್ತು ಫಿಗಿನ್ಸ್ ಮೇಲೆ ಇದ್ದರೆ ಬೇಸ್ ಯಾವಾಗಲೂ ತುಂಬಿರುತ್ತದೆ ಅನ್ನುವ ಯೋಚನೆ. ಕಾಗದದ ಮೇಲೆ ಚೆನ್ನಾಗಿತ್ತು, ಆಗ ಹೊಗಳದವರೇ ಕಡಿಮೆ. ಅದೇ ಹೊತ್ತಿಗೆ 2009ರಲ್ಲಿ 31 ಹೋಮ್ ರನ್ ಹೊಡೆದಿದ್ದ ರಸೆಲ್ ಬ್ರಾನ್ಯನ್ ಬೇರೆ ಕಡೆ ಹೋದ. ಏಡ್ರಿಯನ್ ಬೆಲ್ಟ್ರೆ ಬಾಸ್ಟನ್ ಸೇರಿದ.

ಆಮೇಲೆ ನಡೆದದ್ದು ದುರಂತ. ಇಡೀ ಸೀಸನ್‌ಗೆ 513 ರನ್. ಪಂದ್ಯಕ್ಕೆ 3.2 ರನ್ ಕೂಡ ಇಲ್ಲ. ಹೋಮ್ ರನ್ 101. ಟೀಮ್ ಓಬಿಪಿ .298, ಸ್ಲಗಿಂಗ್ .339. ಬ್ರಾನ್ಯನ್ ಜಾಗಕ್ಕೆ ಬಂದ ಕೇಸಿ ಕಾಚ್‌ಮನ್ ಆವರೇಜ್ .217. ಹಿಂದಿನ ವರ್ಷ 25 ಹೋಮ್ ರನ್ ಹೊಡೆದಿದ್ದ ಹೊಸೆ ಲೋಪೆಝ್ 10ಕ್ಕೆ ಇಳಿದ, ಓಬಿಪಿ .270. ಜೂನ್ ಕೊನೆಗೆ ಟೀಮ್ ಬ್ರಾನ್ಯನ್‌ನನ್ನು ಮತ್ತೆ ಕರೆದುಕೊಂಡು ಬಂದಿತು. ಅರ್ಧ ಸೀಸನ್ ಕೂಡ ಆಡದ ಅವನು 15 ಹೋಮ್ ರನ್ ಹೊಡೆದು ಟೀಮ್‌ನಲ್ಲಿ ಎಲ್ಲರಿಗಿಂತ ಮುಂದೆ ನಿಂತ. ಹೇಗಿದೆ ನೋಡಿ! ಪಿಚರ್ ಫೀಲಿಕ್ಸ್ ಹೆರ್ನಾಂಡೆಜ್ 2.27 ಇಆರ್‌ಎ (ಒಂಬತ್ತು ಇನಿಂಗ್ಸ್‌ಗೆ ಸರಾಸರಿ ಬಿಟ್ಟುಕೊಟ್ಟ ರನ್) ಇಟ್ಟುಕೊಂಡು 13 ಗೆದ್ದು 12 ಸೋತ. ಅಷ್ಟು ಸೋತವನಿಗೂ ಲೀಗ್‌ನ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಬಂತು, ತಪ್ಪು ಅವನದ್ದಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಟೀಮ್ 61 ಗೆದ್ದು 101 ಸೋತಿತು.

ಇಲ್ಲಿ ಗಮನಿಸಬೇಕಾದದ್ದು, ಫಿಗಿನ್ಸ್ ಆ ವರ್ಷ ಪೂರಾ ಕೈಕೊಟ್ಟ ಅಂತೇನಲ್ಲ. ಓಬಿಪಿ .340 ಇತ್ತು, ಲೀಗ್ ಸರಾಸರಿಗಿಂತ ಮೇಲೆ. ಇಚಿರೊ .359. ಮೇಲಿನ ಇಬ್ಬರು ತಮ್ಮ ಕೆಲಸ ಮಾಡಿದರು. ಉಳಿದ ಏಳು ಜಾಗದಲ್ಲಿ ಬೇಸ್ ಹಿಡಿಯುವವರೂ ಇರಲಿಲ್ಲ, ಹೊಡೆಯುವವರೂ ಇರಲಿಲ್ಲ. ಇಂಥ ಲೈನಪ್‌ಗೆ ಇನ್ನೊಬ್ಬ ಫಿಗಿನ್ಸ್ ತಂದಿದ್ದರೆ ಬೇಸ್ ಮೇಲೆ ಕಾಯುವವರ ಸಂಖ್ಯೆ ಒಂದು ಜಾಸ್ತಿ ಆಗುತ್ತಿತ್ತು, ಅಷ್ಟೇ. ಅದೇ ದುಡ್ಡಿನಲ್ಲಿ ಹೊಡೆತ ಇರುವ ಒಬ್ಬನನ್ನು ಉಳಿಸಿಕೊಂಡಿದ್ದರೂ 61 ಗೆಲುವು 90 ಆಗುತ್ತಿರಲಿಲ್ಲ, ಆದರೆ ಇಚಿರೊನ 253ರಲ್ಲಿ ಇನ್ನಷ್ಟು ಸಲ ರನ್ ಆಗುತ್ತಿತ್ತು.

ಓಕ್ಲಂಡ್ ಕಥೆಯ ಅರ್ಧ ಭಾಗ

2002ರ ಓಕ್ಲಂಡ್ ಏಸ್ ಬಗ್ಗೆ ಎಲ್ಲರಿಗೂ ಗೊತ್ತಿರುವುದು ಇಷ್ಟು. ಟೀಮ್ ಕಟ್ಟುತ್ತಿದ್ದ ಬಿಲ್ಲಿ ಬೀನ್ ಹತ್ತಿರ ದುಡ್ಡಿರಲಿಲ್ಲ. ಜೇಸನ್ ಜಿಯಾಂಬಿ ಯಾಂಕೀಸ್‌ಗೆ ಹೋದ, ಜಾನಿ ಡೇಮನ್ ರೆಡ್ ಸಾಕ್ಸ್‌ಗೆ ಹೋದ. ಮೊಣಕೈ ಕೆಟ್ಟು ಕ್ಯಾಚರ್ ಕೆಲಸ ಬಿಟ್ಟಿದ್ದ ಸ್ಕಾಟ್ ಹ್ಯಾಟೆಬರ್ಗ್‌ನನ್ನು ಅಗ್ಗಕ್ಕೆ ತಂದು ಮೊದಲನೇ ಬೇಸ್‌ನಲ್ಲಿ ಫೀಲ್ಡಿಂಗ್‌ಗೆ ನಿಲ್ಲಿಸಿದರು, ಯಾಕೆಂದರೆ ಅವನು ಬೇಸ್ ಸೇರುತ್ತಿದ್ದ. ಓಬಿಪಿ .374. ಟೀಮ್ ಸತತ 20 ಪಂದ್ಯ ಗೆದ್ದಿತು, ಒಟ್ಟು 103.

ಇದರಿಂದ ಹೊಡೆತ ಬೇಡ ಅನ್ನುವ ಪಾಠ ಕಲಿಯುವವರು ಅದೇ ಟೀಮ್‌ನಲ್ಲಿ ಮಿಗೆಲ್ ತೆಹಾದಾ 34 ಹೋಮ್ ರನ್, ಎರಿಕ್ ಚಾವೆಜ್ 34 ಹೋಮ್ ರನ್ ಹೊಡೆದದ್ದನ್ನು ಮರೆಯುತ್ತಾರೆ. ತೆಹಾದಾಗೆ ಆ ವರ್ಷ ಎಂವಿಪಿ, ಅಂದರೆ ಲೀಗ್‌ನ ಅತಿ ಮೌಲ್ಯದ ಆಟಗಾರ ಪ್ರಶಸ್ತಿ. ಹಡ್ಸನ್, ಮಲ್ಡರ್, ಜಿಟೋ ಅನ್ನುವ ಮೂವರು ಪಿಚರ್‌ಗಳ ವಿಷಯ ಬೇರೆಯೇ. ಅಂದರೆ ಹ್ಯಾಟೆಬರ್ಗ್ ಬೇಸ್ ಮೇಲೆ ನಿಂತಾಗ ಅವನನ್ನು ಮನೆ ಮುಟ್ಟಿಸುವವರು ಆ ಟೀಮ್‌ನಲ್ಲಿ ಮೊದಲೇ ಇದ್ದರು. ಅದೂ ಅಲ್ಲದೆ, 20ನೇ ಗೆಲುವು ಬಂದದ್ದು ಹೇಗೆ? ಕ್ಯಾನ್ಸಸ್ ಸಿಟಿ ವಿರುದ್ಧ 11-0 ಮುಂದಿದ್ದು, ಎಲ್ಲ ಕಳೆದುಕೊಂಡು 11-11 ಆದ ಮೇಲೆ, ಒಂಬತ್ತನೇ ಇನಿಂಗ್ಸ್‌ನಲ್ಲಿ ಹ್ಯಾಟೆಬರ್ಗ್ ಹೊಡೆದ ಹೋಮ್ ರನ್‌ನಿಂದ. ವಾಕ್‌ನಿಂದ ಅಲ್ಲ!

ಬೀನ್ ಓಬಿಪಿ ಹಿಂದೆ ಹೋದದ್ದು ಅದು ಆಗ ಅಗ್ಗಕ್ಕೆ ಸಿಗುತ್ತಿತ್ತು ಅಂತ. ಈಗ ಸಿಗುವುದಿಲ್ಲ. 2024ರಲ್ಲಿ ಯಾಂಕೀಸ್ ಪರ ಓಬಿಪಿ .419 ಇಟ್ಟ ಹ್ವಾನ್ ಸೋಟೊಗೆ ಮೆಟ್ಸ್ 15 ವರ್ಷಕ್ಕೆ 765 ಮಿಲಿಯನ್ ಡಾಲರ್ ಕೊಟ್ಟಿತು. 41 ಹೋಮ್ ರನ್ ಕೂಡ ಹೊಡೆದಿದ್ದ ಬಿಡಿ, ಎರಡೂ ಇರುವವನಿಗೆ ಬೆಲೆ ಹಾಗೇ ಇರುತ್ತದೆ. ಹೊಡೆತ ಇಲ್ಲದೆ ಬರೀ ಬೇಸ್ ಹಿಡಿಯುವವನು ಇವತ್ತಿಗೂ ಸ್ವಲ್ಪ ಕಡಿಮೆಗೆ ಸಿಗುತ್ತಾನೆ. ಹಾಗಂತ ಯಾರಿಗೂ ಗೊತ್ತಿಲ್ಲದ ಗುಟ್ಟು ಅದಲ್ಲ.

ಹೊಡೆಯುವವನನ್ನು ತರುವಾಗ ಎಲ್ಲಿ ಮೋಸ ಹೋಗುತ್ತೀರಿ

ಒಬ್ಬನೇ ಆದರೆ ದೊಡ್ಡ ಹೊಡೆತದವನು ಅಂದೆ. ಆದರೆ ಓಬಿಪಿ .300ಕ್ಕಿಂತ ತೀರಾ ಕೆಳಗಿದ್ದರೆ ಬೇಡ. ಬಾಸ್ಟನ್‌ನ ಟೋನಿ ಆರ್ಮಸ್ 1983ರಲ್ಲಿ 36 ಹೋಮ್ ರನ್ ಹೊಡೆದ, 107 ಆರ್‌ಬಿಐ. ನೋಡಲು ಏನು ಚೆಂದ. ಓಬಿಪಿ .254. ನಾಲ್ಕು ಸಲ ಬಂದರೆ ಮೂರು ಸಲ ಔಟ್. ಆ ವರ್ಷ ಬಾಸ್ಟನ್ 78 ಗೆದ್ದು 84 ಸೋತಿತು.

ಆರ್‌ಬಿಐ ನೋಡಿ ಮರುಳಾಗುವುದು ಇನ್ನೂ ದೊಡ್ಡ ತಪ್ಪು. ಜೋ ಕಾರ್ಟರ್ 1990ರಲ್ಲಿ ಸ್ಯಾನ್ ಡಿಯಾಗೊ ಪರ 115 ಆರ್‌ಬಿಐ ಮಾಡಿದ. ಆವರೇಜ್ .232, ಓಬಿಪಿ .290. ಹೇಗೆ ಸಾಧ್ಯ ಆಯಿತು? ಅವನ ಮುಂದೆ ಬಿಪ್ ರಾಬರ್ಟ್ಸ್, ರಾಬರ್ಟೊ ಅಲೊಮಾರ್, ಟೋನಿ ಗ್ವಿನ್ ಇದ್ದರು. ಬೇಸ್ ಮೇಲೆ ಯಾವಾಗಲೂ ಯಾರಾದರೂ ಇರುತ್ತಿದ್ದರು. ಆರ್‌ಬಿಐ ಅನ್ನುವುದು ಹೊಡೆದವನ ಅಂಕಿ ಎಷ್ಟೋ ಅಷ್ಟೇ ಮುಂದೆ ಇದ್ದವರ ಅಂಕಿ ಕೂಡ. ಅಂಥವನನ್ನು ನಿಮ್ಮ ಖಾಲಿ ಲೈನಪ್‌ಗೆ ತಂದರೆ ಅದೇ ಹೋಮ್ ರನ್‌ಗೆ ಅರ್ಧ ಆರ್‌ಬಿಐ ಬರಬಹುದು, ಆಮೇಲೆ ಅವನಿಗೆ ಒತ್ತಡ ತಡೆಯಲು ಆಗುವುದಿಲ್ಲ ಅಂತ ಬೈಯುತ್ತೀರಿ.

ಆವರೇಜ್ ಕಡಿಮೆ ಅಂತ ಹೆದರಬೇಡಿ, ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್ ಆಗಿ ಔಟಾಗುವುದು) ಜಾಸ್ತಿ ಅಂತಲೂ ಹೆದರಬೇಡಿ. ಫಿಲಡೆಲ್ಫಿಯಾದ ಕೈಲ್ ಶ್ವಾರ್ಬರ್ 2023ರಲ್ಲಿ .197 ಹೊಡೆದ. 215 ಸ್ಟ್ರೈಕ್‌ಔಟ್. ಹಳೇ ಕಾಲದವರು ನೋಡಿದ್ದರೆ ಮೈನರ್ ಲೀಗ್‌ಗೆ ಕಳಿಸಿ ಅನ್ನುತ್ತಿದ್ದರು. ಆದರೆ 47 ಹೋಮ್ ರನ್ ಜೊತೆಗೆ 126 ವಾಕ್ ತೆಗೆದ, ಓಬಿಪಿ .343. ಆ ಸೀಸನ್ನಿನ ಬಹುಪಾಲು ಅವನೇ ಮೊದಲು ಬ್ಯಾಟ್ ಮಾಡುತ್ತಿದ್ದ. ಸ್ಟ್ರೈಕ್‌ಔಟ್ ನೋಡಲು ಕೆಟ್ಟದಾಗಿರುತ್ತದೆ, ಆದರೆ ಡಬಲ್ ಪ್ಲೇ ಹೊಡೆದು ಇಬ್ಬರನ್ನು ಔಟ್ ಮಾಡುವುದಕ್ಕಿಂತ ಒಳ್ಳೆಯದೇ.

ಬೇಸ್ ಹಿಡಿಯುವವನಲ್ಲೂ ಒಂದು ಮೋಸ ಇದೆ. ಜನ ಇದನ್ನು ಹೆಚ್ಚು ಮಾತಾಡುವುದಿಲ್ಲ. ಕೆಲವರ ಓಬಿಪಿ ನಿಂತಿರುವುದು ವಾಕ್ ಮೇಲೆ. ಪಿಚರ್ ವಾಕ್ ಕೊಡುವುದು ಯಾಕೆ? ಹೆದರಿಕೆಯಿಂದ. ಬ್ಯಾರಿ ಬಾಂಡ್ಸ್‌ಗೆ 2004ರಲ್ಲಿ 232 ವಾಕ್ ಸಿಕ್ಕಿತು, ಅದರಲ್ಲಿ 120 ಬೇಕಂತಲೇ ಕೊಟ್ಟಿದ್ದು. ಓಬಿಪಿ .609 ಆದದ್ದು ಅವನ ಹೊಡೆತದ ಭಯದಿಂದ. ಹೊಡೆತ ಇಲ್ಲದವನಿಗೆ ಪಿಚರ್ ನಡುವಿಗೇ ಚೆಂಡು ಹಾಕುತ್ತಾನೆ, ಹೊಡೆದರೂ ಸಿಂಗಲ್ ತಾನೇ. ಅಂಥವನ ಕೈ ಮತ್ತು ಕಾಲು ಸ್ವಲ್ಪ ನಿಧಾನ ಆದ ಕೂಡಲೇ ಸಿಂಗಲ್ ನಿಲ್ಲುತ್ತದೆ, ಹಿಂದೆಯೇ ವಾಕ್ ಕೂಡ ಬತ್ತುತ್ತದೆ. ಫಿಗಿನ್ಸ್ 2011ರಲ್ಲಿ .188 ಹೊಡೆದ, ಓಬಿಪಿ .241. ಎರಡು ವರ್ಷದ ಹಿಂದೆ .395 ಇದ್ದವನು! ಹಾಗಾಗಿ 30 ದಾಟಿದ, ಹೊಡೆತ ಇಲ್ಲದ, ವೇಗದ ಮೇಲೆ ನಿಂತ ಓಬಿಪಿಗೆ ನಾಲ್ಕು ವರ್ಷದ ಕಾಂಟ್ರಾಕ್ಟ್ ಕೊಡುವ ಮುಂಚೆ ಎರಡು ಸಲ ಯೋಚಿಸಿ. ಒಂದು ವರ್ಷಕ್ಕೆ ಸಿಕ್ಕರೆ ತೊಂದರೆ ಇಲ್ಲ.

ನಿಮ್ಮ ಟೀಮ್‌ಗೆ ಏನಾಗಿದೆ ಅಂತ ನೋಡುವುದು ಹೇಗೆ

ಮೊದಲು ಎಲ್ಲರೂ ನೋಡುವುದು ಬೇಸ್ ಮೇಲೆ ಉಳಿದುಹೋದವರ ಸಂಖ್ಯೆ. ಇವತ್ತು 11 ಜನರನ್ನು ಬಿಟ್ಟರು, ಹೊಡೆಯುವವರೇ ಇಲ್ಲ ಅಂತ ಗೊಣಗುತ್ತೀರಿ. ಈ ಅಂಕಿಯನ್ನು ಅಷ್ಟು ನಂಬಬೇಡಿ. ಬೇಸ್ ಸೇರುವವರು ಜಾಸ್ತಿ ಇದ್ದರೆ ಉಳಿಯುವವರೂ ಜಾಸ್ತಿ ಇರುತ್ತಾರೆ, ಒಳ್ಳೇ ಟೀಮ್‌ಗಳೂ ತುಂಬಾ ಜನರನ್ನು ಬಿಡುತ್ತವೆ. ನಿಜವಾಗಿ ಕೆಟ್ಟ ಟೀಮ್‌ನಲ್ಲಿ ಬಿಡಲಿಕ್ಕೂ ಯಾರೂ ಇರುವುದಿಲ್ಲ.

ಇದರ ಬದಲು ಒಂಬತ್ತು ಜಾಗದ ಓಬಿಪಿಯನ್ನು ಒಂದರ ಕೆಳಗೆ ಒಂದು ಬರೆದುಕೊಳ್ಳಿ. ಇತ್ತೀಚೆಗೆ ಲೀಗ್ ಸರಾಸರಿ .310, .320ರ ಆಸುಪಾಸು ಇರುತ್ತದೆ. ಐದಾರು ಜನ ಅದರ ಹತ್ತಿರ ಇದ್ದೂ ರನ್ ಬರುತ್ತಿಲ್ಲ ಅಂದರೆ ನಿಮಗೆ ಬೇಕಾಗಿರುವುದು ಹೊಡೆತ. ಹೋಮ್ ರನ್ ಬರುತ್ತಿವೆ, ಆದರೆ ಬಹುಪಾಲು ಒಂಟಿ ಹೋಮ್ ರನ್, ಕೆಳಗಿನ ನಾಲ್ಕು ಜಾಗ .270, .280 ಅಂತ ಒದ್ದಾಡುತ್ತಿವೆ ಅಂದರೆ ಬೇಸ್ ಹಿಡಿಯುವವರನ್ನು ತನ್ನಿ. ಅದರಲ್ಲೂ ದೊಡ್ಡ ಹೆಸರಿನವರು ಬೇಕಿಲ್ಲ, .270 ಇರುವ ಮೂವರ ಜಾಗಕ್ಕೆ .325 ಇರುವ ಮೂವರು ಸಾಧಾರಣ ಆಟಗಾರರು ಸಾಕು. ಕಡಿಮೆ ದುಡ್ಡಿಗೆ ಹೆಚ್ಚು ಬದಲಾವಣೆ ಆಗುವುದು ಇಲ್ಲೇ. ಅರ್ಲ್ ವೀವರ್ ಬಾಲ್ಟಿಮೋರ್‌ನಲ್ಲಿ ಮೂರು ರನ್ನಿನ ಹೋಮ್ ರನ್ ಕಾದು ಕೂರುವ ಮ್ಯಾನೇಜರ್ ಅಂತಲೇ ಹೆಸರಾದವರು. ಆ ಮೂರರಲ್ಲಿ ಇಬ್ಬರು ಮೊದಲೇ ಬೇಸ್ ಮೇಲೆ ಇರಬೇಕು ಅಲ್ವಾ.

ಎರಡೂ ಇಲ್ಲದ ಸ್ಥಿತಿಯೂ ಇರುತ್ತದೆ. 2024ರ ಚಿಕಾಗೊ ವೈಟ್ ಸಾಕ್ಸ್ 507 ರನ್ ಮಾಡಿ 121 ಪಂದ್ಯ ಸೋತಿತು. ಓಬಿಪಿ .278, ಸ್ಲಗಿಂಗ್ .340. ಅಲ್ಲಿ ಯಾರನ್ನು ತರಬೇಕು ಅನ್ನುವ ಪ್ರಶ್ನೆಗೇ ಅರ್ಥ ಇಲ್ಲ, ಹುಡುಗರನ್ನು ಬೆಳೆಸಿ ಕಾಯಬೇಕು.

ಮೈದಾನವನ್ನು ಮರೆಯಬೇಡಿ. ಸಿಯಾಟಲ್ ಮೈದಾನದಲ್ಲಿ ಆಗ ಬಲಗೈ ಹೊಡೆತಗಾರರ ಚೆಂಡು ಎಡ ಮೂಲೆಯ ಕಡೆ ತಂಪು ಗಾಳಿಯಲ್ಲಿ ಸತ್ತು ಬೀಳುತ್ತಿತ್ತು. ಬೆಲ್ಟ್ರೆ 2009ರಲ್ಲಿ ಸಿಯಾಟಲ್ ಪರ 8 ಹೋಮ್ ರನ್ ಹೊಡೆದವನು, ಗಾಯ ಬೇರೆ ಆಗಿತ್ತು. ಬಾಸ್ಟನ್‌ಗೆ ಹೋದ ಮೊದಲ ವರ್ಷವೇ 28 ಹೋಮ್ ರನ್, 49 ಡಬಲ್. ಬ್ರಾನ್ಯನ್ ಎಡಗೈಯವನು, ಅದೇ ವರ್ಷ ಅದೇ ಟೀಮ್ ಪರ 31 ಹೊಡೆದ. 2013ರ ಸೀಸನ್‌ಗೆ ಮುಂಚೆ ಅಲ್ಲಿ ಬೇಲಿಯನ್ನೇ ಒಳಕ್ಕೆ ತಂದರು. ಅಂದರೆ ದೊಡ್ಡ ಮೈದಾನ ಇದ್ದರೆ ಹೊಡೆತ ಬೇಡ ಅಂತಲ್ಲ, ಎಂಥ ಹೊಡೆತ ಅಂತ ನೋಡಬೇಕು. ವಾಕ್‌ಗೆ ಮೈದಾನದ ಹಂಗು ಅಷ್ಟಿಲ್ಲ, ಅದು ಎಲ್ಲ ಕಡೆ 90 ಅಡಿಯೇ.

ಎರಡೂ ಬಿಟ್ಟು ಮೂರನೇ ದಾರಿ ಇದೆ ಅನ್ನುವವರು 2014ರ ಕ್ಯಾನ್ಸಸ್ ಸಿಟಿ ರಾಯಲ್ಸ್ ತೋರಿಸುತ್ತಾರೆ. 95 ಹೋಮ್ ರನ್, 380 ವಾಕ್, ಎರಡರಲ್ಲೂ ಮೇಜರ್ ಲೀಗ್‌ನಲ್ಲೇ ಕೊನೆ. ಆದರೂ ವರ್ಲ್ಡ್ ಸೀರೀಸ್, ಅಂದರೆ ಫೈನಲ್ ಸರಣಿಯ, ಏಳನೇ ಪಂದ್ಯದವರೆಗೆ ಹೋದರು. ಸ್ಟ್ರೈಕ್‌ಔಟ್ ಆಗದೆ ಚೆಂಡನ್ನು ಆಟಕ್ಕೆ ಹಾಕುವುದು, 153 ಬೇಸ್ ಕದಿಯುವುದು, ಹೊರಮೈದಾನದಲ್ಲಿ ಅದ್ಭುತ ಫೀಲ್ಡಿಂಗ್, ಕೊನೆಯ ಮೂರು ಇನಿಂಗ್ಸ್‌ಗೆ ಕಲ್ಲಿನಂಥ ಮೂವರು ಪಿಚರ್‌ಗಳು. ಖುಷಿ ಕೊಡುವ ಟೀಮ್ ಅದು. ಆದರೆ ಸೀಸನ್‌ನಲ್ಲಿ ಮಾಡಿದ್ದು 651 ರನ್ ಮಾತ್ರ. ರನ್ ಬಾರದ ರೋಗಕ್ಕೆ ಅದು ಮದ್ದಲ್ಲ, ಆ ರೋಗದ ಜೊತೆ ಬದುಕುವ ಉಪಾಯ.

ಇನ್ನು ತಂದ ಮೇಲೆ ಎಲ್ಲಿ ನಿಲ್ಲಿಸುವುದು? ಬೇಸ್ ಹಿಡಿಯುವವನನ್ನು ತಂದು ಏಳನೇ ಜಾಗದಲ್ಲಿ ನಿಲ್ಲಿಸಿದರೆ ದುಡ್ಡು ನೀರಿಗೆ ಹಾಕಿದ ಹಾಗೆ. ಅವನ ಹಿಂದೆ ಬರುವವರು ಟೀಮ್‌ನ ಅತಿ ಕೆಟ್ಟ ಇಬ್ಬರು. ಅವನು ಮೊದಲೆರಡು ಜಾಗದಲ್ಲಿ ಇರಬೇಕು, ಹೊಡೆಯುವವನು ಅವನ ಬೆನ್ನಿಗೇ ಇರಬೇಕು. ನಡುವೆ ಮೂರನೇ ಜಾಗದಲ್ಲಿ ಹಳೇ ಸೀನಿಯರ್ ಒಬ್ಬನನ್ನು ಮರ್ಯಾದೆಗೆ ಇಟ್ಟು ಡಬಲ್ ಪ್ಲೇ ಹೊಡೆಸಿಕೊಳ್ಳಬೇಡಿ. 2024ರಲ್ಲಿ ಯಾಂಕೀಸ್ ಸೋಟೊ ಹಿಂದೆಯೇ ಏರನ್ ಜಡ್ಜ್‌ನನ್ನು ನಿಲ್ಲಿಸಿತು. ಸೋಟೊ 129 ವಾಕ್ ತೆಗೆದ, ಜಡ್ಜ್ 58 ಹೋಮ್ ರನ್ ಹೊಡೆದು 144 ಆರ್‌ಬಿಐ ಮಾಡಿದ. ನಿಮಗೆ ಅಂಥವರು ಸಿಗುವುದಿಲ್ಲ, ಸರಿ, ಆದರೆ ಜೋಡಿಸುವ ಕ್ರಮಕ್ಕೆ ದುಡ್ಡು ಖರ್ಚಾಗುವುದಿಲ್ಲ.

ಜುಲೈ ಕೊನೆಯ ಹೊತ್ತಿನ ಟ್ರೇಡ್ (ಆಟಗಾರರ ಅದಲುಬದಲು) ಗಡುವಿಗೆ ನೀವು ಪ್ಲೇಆಫ್ ಅಂಚಿನಲ್ಲಿದ್ದು, ಎರಡು ತಿಂಗಳಿಗೆ ಒಬ್ಬನೇ ಸಿಗುವುದಾದರೆ ನಾನು ಕಣ್ಣುಮುಚ್ಚಿ ಹೊಡೆಯುವವನ ಕಡೆ. ಪ್ಲೇಆಫ್‌ನಲ್ಲಿ ಎದುರಾಳಿ ತನ್ನ ಒಳ್ಳೇ ಪಿಚರ್‌ಗಳನ್ನೇ ಮತ್ತೆ ಮತ್ತೆ ಹಾಕುತ್ತಾನೆ, ಸತತ ಮೂರು ಹಿಟ್ ಜೋಡಿಸುವುದು ಇನ್ನೂ ಕಷ್ಟ. ಅದೇ ನವೆಂಬರ್ ಆದರೆ, ಕೈಯಲ್ಲಿ ನಾಲ್ಕು ತಿಂಗಳಿದ್ದರೆ, ಒಬ್ಬ ಸ್ಟಾರ್ ಹೊಡೆತಗಾರನಿಗೆ ಸುರಿಯುವ ದುಡ್ಡನ್ನು ಮೂರಾಗಿ ಒಡೆದು ಕೆಳಗಿನ ಜಾಗಗಳನ್ನು ಮೊದಲು ಸರಿಮಾಡಿ, ಉಳಿದರೆ ಎಡಗೈ ಬ್ರಾನ್ಯನ್ ಥರದವನು ಒಂದು ವರ್ಷದ ಕಾಂಟ್ರಾಕ್ಟ್‌ಗೆ ಫೆಬ್ರವರಿಯಲ್ಲೂ ಸಿಗುತ್ತಾನೆ.